ಚಳಿ ಮುಗಿಯುವುದರೊಳಗೆ

ನವೆಂಬರ್ ೪, ಬುಧವಾರ

ತಮ್ಮ ನಿನ್ನೆ ಬಂದು ನನ್ನ ಕಿವಿಗಳನ್ನು ಕಡ ಕೇಳಿದ. ಹಾಗೆಂದೇ ಹೇಳಿದ. "ಅಕ್ಕಾ, ಸೀಮೆಎಣ್ಣೆ ಸಾಲಲ್ಲಿ ನಿಲ್ತೀಯಲ್ಲ, ಜನ ಏನು ಮಾತಾಡ್ಕೋತಾರೆ ಅಂತ ಸ್ವಲ್ಪ ಕಿವಿಗೆ ಹಾಕ್ಕೋ. ಭಾನುವಾರ ಊಟಕ್ಕೆ ಬಂದಾಗ ಹೇಳು. ಅಷ್ಟೇ."

"ಚಾಡಿ ಹೇಳು ಅಂತೀಯ?"

"ಚಾಡಿ ಅಲ್ಲ. ಜನರ ಮನಸ್ಸು ಯಾವ ಕಡೆ ಇದೆ ಅಂತ ನಮಗೆ ಗೊತ್ತಾಗಬೇಕು."

"ಸೀಮೆಎಣ್ಣೆ ಕಡೆ ಇದೆ. ಹೋಗಿ ಬರೆದುಕೋ."

ಅವನು ನಗಲಿಲ್ಲ. ಆ ಕಚೇರಿಗೆ ಸೇರಿದಂದಿನಿಂದ ನಗು ಮರೆತಿದ್ದಾನೆ. ಹಳೆಯ ಅಂಚೆ ಕಟ್ಟಡಕ್ಕೆ ಎರಡು ಮೆಟ್ಟಿಲುಸಾಲುಗಳಿವೆ. ಎಡಗಡೆಯದನ್ನು ಹತ್ತಿದರೆ ಪ್ರಚಾರ ಇಲಾಖೆ. ಮಗಳ ಗಂಡ, ನಮ್ಮ ಅಳಿಯಂದಿರು, ಅಲ್ಲಿ ಕೂತು ರೇಡಿಯೋ ವಾರ್ತೆ ಬರೆಯುತ್ತಾರೆ. ಬಲಗಡೆಯದನ್ನು ಹತ್ತಿದರೆ ತಮ್ಮನ ಕಚೇರಿ, ಅದಕ್ಕೆ ಬೋರ್ಡಿಲ್ಲ. ಇಬ್ಬರೂ ಬೆಳಿಗ್ಗೆ ಒಂದೇ ಬಾಗಿಲಲ್ಲಿ ಒಳಗೆ ಹೋಗುತ್ತಾರೆ. ಬಾಗಿಲಲ್ಲಿ ಎದುರಾದರೂ ಒಬ್ಬರಿಗೊಬ್ಬರು ಮಾತಿಲ್ಲ. ನನ್ನ ಮನೆಯ ಊಟದ ಮೇಜಿನಲ್ಲಿ ಮಾತ್ರ ಮಾವ ಅಳಿಯ ಎನ್ನುವ ಸಂಬಂಧ ಅವರಿಗೆ ನೆನಪಾಗುತ್ತದೆ.

ಒಪ್ಪಿಕೊಂಡೆ. ದೇಶದ ಕೆಲಸ ಎಂದ ಮೇಲೆ ಇಲ್ಲ ಎನ್ನಲಾಗದು. ಆದರೆ ನನ್ನ ಪದ್ಧತಿಯನ್ನು ಅವನಿಗೆ ಮೊದಲೇ ಹೇಳಿದ್ದೇನೆ. ಕಣ್ಣಾರೆ ಕಂಡದ್ದನ್ನು ನಿಜ ಎನ್ನುತ್ತೇನೆ, ಉಳಿದದ್ದನ್ನು ಗಾಳಿಮಾತು ಎನ್ನುತ್ತೇನೆ. ಬೀದಿಯವರು ನನ್ನ ಬೆನ್ನ ಹಿಂದೆ ಜಡ್ಜಮ್ಮ ಎನ್ನುವುದು ನನಗೆ ಗೊತ್ತು. ಮುಖಕ್ಕೇ ಅಂದರೂ ನನಗೇನೂ ಬೇಸರವಿಲ್ಲ.

ಕೇಳಿದ್ದು ಮರೆಯದಿರಲಿ ಎಂದು ಇದನ್ನು ಬರೆಯಲು ಶುರು ಮಾಡಿದ್ದೇನೆ. ಹೈಸ್ಕೂಲು ಮುಗಿಸಿದ ಮೇಲೆ ನಾನು ಇಷ್ಟುದ್ದ ಬರೆದದ್ದು ಇದೇ ಮೊದಲು.

ನವೆಂಬರ್ ೭, ಶನಿವಾರ

ಹೊಲಿಗೆಯವಳ ಮಗ ಸೈನ್ಯದಿಂದ ರಜೆಯ ಮೇಲೆ ಬಂದಿದ್ದಾನೆ. ಅಂಗಡಿಯ ಮುಂದೆ ಸ್ಟೂಲು ಹಾಕಿ ಸಮವಸ್ತ್ರದಲ್ಲೇ ಕೂರಿಸಿದ್ದಾಳೆ, ಹೊಸ ಕೋಟನ್ನು ಗೊಂಬೆಗೆ ತೊಡಿಸಿ ಗಿರಾಕಿಗಳಿಗೆ ತೋರಿಸುವ ಹಾಗೆ. ಅವನಿಗೂ ಮುಜುಗರ. ನನ್ನನ್ನು ಕಂಡು ಎದ್ದು ನಿಂತ. ಸೈನ್ಯದಲ್ಲಿರುವ ನನ್ನ ಮಗ, ನಮ್ಮ ಚಿಕ್ಕವನ ಜೊತೆಯೇ ಓದಿದವನು, ನಮ್ಮ ಮನೆಯ ಕಿಟಕಿ ಗಾಜು ಎರಡು ಸಲ ಒಡೆದವನು.

ನನ್ನ ಉಣ್ಣೆ ಕೋಟಿನ ಗುಂಡಿ ಹಾಕಿಸಲು ಹೋಗಿದ್ದೆ. ಸೂಜಿಗೆ ದಾರ ಪೋಣಿಸುತ್ತಾ ಅವಳು ಕೇಳಿದಳು, "ದೊಡ್ಡಮ್ಮಾ, ನಿಮ್ಮವನು ಯಾವಾಗ? ಇನ್ನೂ ರಜೆ ಕೊಟ್ಟಿಲ್ವಾ, ಪಾಪ?"

ಆ ಪಾಪ ಎನ್ನುವುದು ನನಗೆ ಬೇಕಿರಲಿಲ್ಲ.

"ಚಳಿ ಮುಗಿಯೋದ್ರೊಳಗೆ ಬರ್ತಾನೆ," ಎಂದೆ. "ಅವನೊಬ್ಬನೇ ಅಲ್ಲ, ಉತ್ತರ ದಂಡೆಯಲ್ಲಿರೋರೆಲ್ಲ ವಾಪಸ್ ಬರ್ತಾರೆ. ಅದಕ್ಕೇ ನಮ್ಮವನಿಗೆ ರಜೆ ಬೇಡೋ ಅವಸರ ಇಲ್ಲ."

ಅವಳ ಸೂಜಿ ನಿಂತಿತು. "ಅಳಿಯಂದ್ರು ಹೇಳಿದ್ರಾ?"

ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಗುಂಡಿ ಬಿಗಿಯಾಗಿ ಹಾಕು ಎಂದೆ.

ಚಿಕ್ಕವನು ಇರುವುದು ಹೊಳೆಯ ಉತ್ತರ ದಂಡೆಯಲ್ಲಿ. ದಂಡೆ ನಮ್ಮದು, ಅದರಾಚೆಯ ಗುಡ್ಡ ಶತ್ರುವಿನದು. ಅಷ್ಟು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಆದರೆ ಹೇಳಿದ್ದನ್ನು ಸುಳ್ಳು ಎನ್ನಲಾಗದು. ನನ್ನ ಮಗ ಯಾವಾಗ ಬರಬೇಕು ಎಂದು ಹೇಳುವ ಹಕ್ಕು ನನಗಲ್ಲದೆ ಇನ್ನಾರಿಗಿದೆ?

ನವೆಂಬರ್ ೮, ಭಾನುವಾರ

ತಮ್ಮನಿಗೆ ವಾರದ ವರದಿ ಒಪ್ಪಿಸಿದೆ. ಸೀಮೆಎಣ್ಣೆಗೆ ನೀರು ಬೆರೆಸುತ್ತಾರೆ ಎಂಬ ದೂರು. ಶಾಲೆಗೆ ಬೀಗ ಹಾಕುತ್ತಾರಂತೆ ಎಂಬ ಮಾತು. ಅವನು ಆಕಳಿಸಿದ. ಕಡ ಕೊಟ್ಟ ಕಿವಿಗೆ ಇಷ್ಟೇ ಮರ್ಯಾದೆ.

ನವೆಂಬರ್ ೧೯, ಗುರುವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ಸಾಲಿನಲ್ಲಿ ನನ್ನ ಮುಂದೆ ಔಷಧಿ ಅಂಗಡಿಯವನಿದ್ದ. ಡಬ್ಬ ಕೆಳಗಿಟ್ಟು, ಹತ್ತಿರ ಬಂದು ಪಿಸುಗುಟ್ಟಿದ. "ಅಮ್ಮಾ, ನಿಮಗೆ ಒಳ್ಳೇ ಸುದ್ದಿ. ಉತ್ತರ ದಂಡೆ ಹುಡುಗರನ್ನ ವಾಪಸ್ ಕರೆಸ್ಕೋತಾ ಇದಾರಂತೆ. ಎಲ್ಲರನ್ನೂ. ಚಳಿ ಮುಗಿಯೋದ್ರೊಳಗೆ."

"ಯಾರು ಹೇಳಿದ್ದು?"

"ಬಸ್ ಕಂಡಕ್ಟರು. ಅವನಿಗೆ ರೈಲ್ವೆಯೋರು ಯಾರೋ ಹೇಳಿದ್ರಂತೆ. ಬೋಗಿಗಳೂ ಸಿದ್ಧ ಆಗ್ತಿದಾವಂತೆ."

ಬೋಗಿಗಳು ಎಂದು ನಾನು ಯಾರಿಗೂ ಹೇಳಿರಲಿಲ್ಲ. ನಾನು ಹೊಲಿಗೆಯವಳಿಗೆ ಹೇಳಿದ್ದು ಬರುತ್ತಾನೆ ಎಂದಷ್ಟೇ. ಹಾಗಾದರೆ ನನಗೆ ಗೊತ್ತಿಲ್ಲದೆಯೇ ನನ್ನ ಬಾಯಲ್ಲಿ ನಿಜ ಬಂದಿತ್ತು. ತಾಯಿಗೆ ಹೊಟ್ಟೆಯಲ್ಲಿ ಹೊಳೆಯುತ್ತದೆ ಎನ್ನುತ್ತಾರಲ್ಲ, ಅದೇ ಇರಬೇಕು.

ಮನೆಗೆ ಬಂದು ಚಿಕ್ಕವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಮಗಳು ಯಾಕಮ್ಮ ಎಂದಳು. ಧೂಳು ಎಂದೆ.

ನವೆಂಬರ್ ೨೨, ಭಾನುವಾರ

ತಮ್ಮ ಇಂದು ಆಕಳಿಸಲಿಲ್ಲ. ತಟ್ಟೆ ದೂಡಿ ಕೂತ. "ಯಾರು ಹೇಳಿದ್ದು? ಎಲ್ಲಿ? ಅವನಿಗೆ ಯಾರು ಹೇಳಿದ್ದಂತೆ?"

ಎಲ್ಲ ಹೇಳಿದೆ. ನಿಜವೋ ಎಂದು ಕೇಳಿದೆ. "ಅಕ್ಕಾ, ಕೇಳೋದು ನಿನ್ನ ಕೆಲಸ, ನಿಜವೋ ಅಲ್ಲವೋ ನೋಡೋದು ನಮ್ಮ ಕೆಲಸ," ಎಂದು ಎದ್ದೇ ಹೋದ. ಅಷ್ಟು ಅವಸರ ಪಟ್ಟನೆಂದರೆ ಏನೋ ಇರಲೇಬೇಕು.

ನವೆಂಬರ್ ೨೬, ಗುರುವಾರ

ಔಷಧಿ ಅಂಗಡಿ ಮುಚ್ಚಿತ್ತು. ಮಧ್ಯಾಹ್ನ ಇಬ್ಬರು ಅವನನ್ನು ಸೈಕಲ್ಲು ತಳ್ಳಿಸಿಕೊಂಡೇ ವಾಪಸ್ ಕರೆತಂದು ಬಿಟ್ಟರು. ಬಲಗಡೆ ಮೆಟ್ಟಿಲಿನವರು ವಿಚಾರಿಸಿದರಂತೆ. ಹೊಡೆಯಲಿಲ್ಲ. ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರಂತೆ. ನೆಗಡಿಯ ಮಾತ್ರೆ ಕೊಡುವಾಗ ಅವನ ಬೆರಳುಗಳು ಸೀಸೆಯ ಮುಚ್ಚಳ ತೆಗೆಯಲಾರದೆ ಜಾರುತ್ತಿದ್ದವು.

"ನಾನು ಏನು ತಪ್ಪು ಮಾಡಿದೆ ಅಮ್ಮಾ? ಸಂತೋಷದ ಸುದ್ದಿ ತಾನೇ?"

ನಾನು ಚಿಲ್ಲರೆ ಎತ್ತಿಕೊಂಡು ಬಂದೆ. ಸಂಜೆ ರೇಡಿಯೋದಲ್ಲಿ, ಉತ್ತರ ದಂಡೆಯಿಂದ ಸೇನೆ ಹಿಂದೆ ಸರಿಯುತ್ತದೆ ಎನ್ನುವುದು ಶುದ್ಧ ಸುಳ್ಳು, ನಾಗರಿಕರು ನಂಬಬಾರದು ಎಂದರು. ಆ ವಾಕ್ಯವನ್ನು ಅಳಿಯಂದಿರೇ ಬರೆದದ್ದು. "ನಾಗರಿಕರು" ಎಂದು ಬರೆಯುವುದು ಅವರ ಗೀಳು.

ಸುಳ್ಳಾದರೆ ಸುಳ್ಳೆಂದು ಬಿಟ್ಟುಬಿಡಬಹುದಿತ್ತು. ಒಬ್ಬನನ್ನು ಹಿಡಿದು, ಮೇಲೆ ಇಡೀ ಊರಿಗೆ ಸಾರುವುದೇಕೆ? ನನಗೆ ತಲೆ ಬುಡ ತಿಳಿಯುತ್ತಿಲ್ಲ. ಚಿಕ್ಕವನ ಹಾಸಿಗೆಯನ್ನು ಮಡಚಿ ಇಡಲೋ ಬಿಚ್ಚಿಯೇ ಇಡಲೋ ಎಂದು ಬಹಳ ಹೊತ್ತು ನಿಂತಿದ್ದೆ. ಬಿಚ್ಚಿಯೇ ಇಟ್ಟೆ.

ನವೆಂಬರ್ ೨೯, ಭಾನುವಾರ

ಊಟದ ಮೇಜಿನಲ್ಲಿ ಕಚೇರಿಯ ಮಾತು ಆಡಬಾರದು ಎನ್ನುವುದು ನನ್ನ ಮನೆಯ ನಿಯಮ. ಇಂದು ಅದು ಮುರಿಯಿತು. ಮುರಿದವರು ಅಳಿಯಂದಿರು.

"ಅತ್ತೆ, ನೀವೇ ನ್ಯಾಯ ಹೇಳಿ. ಒಂದು ಬೀದಿ ಮಾತು ಇತ್ತು. ಮಾವನ ಕಡೆಯೋರು ಔಷಧಿಯೋನನ್ನ ಹಿಡಿದ್ರು, ಅರ್ಧ ಊರು ನಂಬಿತು. ನಮ್ಮೋರು ರೇಡಿಯೋದಲ್ಲಿ ಅಂಥದ್ದೇನೂ ಇಲ್ಲ ಅಂದ್ರು, ಇನ್ನರ್ಧವೂ ನಂಬಿತು. ಈಗ ರೈಲ್ವೆ ಸ್ಟೇಷನ್‌ಗೆ ಹೋಗಿ ನೋಡಿ, ಮಗ ಯಾವ ಗಾಡಿಗೆ ಬರ್ತಾನೆ ಅಂತ ಕೇಳೋ ತಾಯಂದಿರೇ."

"ಸುಳ್ಳು ಹಬ್ಬಿಸೋರನ್ನ ಹಿಡಿಯೋದು ನಮ್ಮ ಕೆಲಸ," ಎಂದ ತಮ್ಮ.

"ಸುಳ್ಳು ಹಬ್ಬಿಸೋದು ನಮ್ಮ ಕೆಲಸ, ಮಾವ. ಅದಕ್ಕೇ ಹಿಡಿಯೋ ಮುಂಚೆ ಒಂದು ಮಾತು ನಮ್ಮನ್ನೂ ಕೇಳಿ ಅಂತ."

ಮಗಳು ಫಕ್ಕನೆ ನಕ್ಕಳು. ನಾನು ನೋಡಿದೆ. ನಿಲ್ಲಿಸಿದಳು.

"ಸಂಬಳ ಕೊಡೋದು ಒಂದೇ ಸರ್ಕಾರ, ಹೋಗಿ ಬರೋದು ಒಂದೇ ಬಾಗಿಲು," ಎಂದೆ. "ಮಾತಾಡ್ಕೊಳ್ಳೋಕೆ ನಿಮಗೇನು ರೋಗ? ಮಕ್ಕಳ ಹಾಗೆ ಬೆನ್ನು ತಿರುಗಿಸ್ಕೊಂಡು ಕೂತಿದೀರಿ. ಹಿಂದಿನ ಕೋಣೆ ಖಾಲಿ ಇದೆ. ಹೋಗಿ ತೀರ್ಮಾನ ಮಾಡ್ಕೊಂಡು ಬನ್ನಿ. ಅಲ್ಲೀ ತನಕ ಯಾರಿಗೂ ಚಹಾ ಇಲ್ಲ."

ಹೋದರು. ಹಿಂದಿನ ಕೋಣೆಯೆಂದರೆ ಬಟ್ಟೆ ಇಸ್ತ್ರಿ ಮಾಡುವ ಕೋಣೆ. ದೇಶದ ಎರಡು ಕಚೇರಿಗಳು ಇಸ್ತ್ರಿ ಮೇಜಿನ ಎರಡು ಕಡೆ ನಿಂತು ಮಾತಾಡಿದವು. ಬಾಗಿಲಿಗೆ ಕಿವಿ ಕೊಡುವುದು ನನ್ನ ಪದ್ಧತಿಯಲ್ಲ. ಒಗೆದ ಬಟ್ಟೆ ತರಲು ಆ ಕಡೆ ಹೋದಾಗ ತಮ್ಮನ ಒಂದು ಮಾತು ಮಾತ್ರ ತಾನಾಗಿ ಕೇಳಿಸಿತು. "ನಮ್ಮ ಜನ ಇಷ್ಟು ಸಲೀಸಾಗಿ ನಂಬ್ತಾರೆ ಅಂದ್ರೆ, ಹೊಳೆಯಾಚೆಯೋರೂ ನಂಬ್ತಾರೆ."

ಹೊರಗೆ ಬಂದಾಗ ಅಳಿಯಂದಿರು ಚಹಾ ಬೇಡವೆಂದು ಎರಡು ಲೋಟ ನೀರು ಕುಡಿದರು. ತಮ್ಮ ನನ್ನ ಭುಜ ಹಿಡಿದು, "ಅಕ್ಕಾ, ವರ್ಷದಿಂದ ಮೇಲಿನೋರಿಗೆ ಆಗದ ಕೆಲಸ ನೀನು ಮಾಡಿದೆ," ಎಂದ. ಅದು ನಿಜ. ಯಾರಾದರೂ ಗದರಿಸಬೇಕಿತ್ತು, ಗದರಿಸಿದೆ.

ಡಿಸೆಂಬರ್ ೯, ಬುಧವಾರ

ಈಗ ರೇಡಿಯೋ ಬೇರೆ ರಾಗ ಹಾಡುತ್ತಿದೆ. ಸುಳ್ಳು ಎನ್ನುವುದನ್ನು ಬಿಟ್ಟಿದ್ದಾರೆ. "ದಣಿದ ನಮ್ಮ ವೀರರನ್ನು ಬರಮಾಡಿಕೊಳ್ಳಲು ನಾಗರಿಕರು ಸಜ್ಜಾಗಲಿ" ಎನ್ನುತ್ತಾರೆ. ಎಲ್ಲಿಂದ ಬರುವ ವೀರರು ಎನ್ನುವುದಿಲ್ಲ. ಎಲ್ಲರಿಗೂ ಗೊತ್ತೇ ಇದೆಯಲ್ಲ.

ಸ್ವಾಗತ ಸಮಿತಿಯೊಂದು ಆಗಿದೆ. ಅಧ್ಯಕ್ಷೆ ನಾನು. ತಮ್ಮನೇ ಬಂದು ಹೇಳಿದ. ಖಜಾಂಚಿ ಯಾರೆಂದರೆ ಔಷಧಿ ಅಂಗಡಿಯವನು! ಸುದ್ದಿ ಹೇಳಿದ್ದಕ್ಕೆ ಹಿಡಿದವರೂ ಇವರೇ, ಅದೇ ಸುದ್ದಿಗೆ ಹಾರ ಹಾಕಲು ಕೂರಿಸಿದವರೂ ಇವರೇ. ಪಾಪದವನು ಹೆದರಿಕೊಂಡು ಎರಡು ಸಲ ಕೇಳಿದ, "ಅಮ್ಮಾ, ಈಗ ನಂಬಬೇಕೋ, ನಂಬಬಾರದೋ?"

"ಸಮಿತಿಗೆ ಸೇರಿದ ಮೇಲೆ ನಂಬಬೇಕು," ಎಂದೆ.

ಡಿಸೆಂಬರ್ ೧೭, ಗುರುವಾರ

ಸ್ಟೇಷನ್ನಿಗೆ ಸುಣ್ಣ ಬಳಿಯುತ್ತಿದ್ದಾರೆ. ನಾನು ಕಣ್ಣಾರೆ ಕಂಡೆ. ಬಕೆಟ್ಟು, ಏಣಿ, ಗೋಡೆಗೆ ಹಸಿ ಸುಣ್ಣ. ಬೆರಳಿಟ್ಟು ನೋಡಿದೆ, ಬೆರಳಿಗೆ ಹತ್ತಿತು. ಸುಳ್ಳಿಗೆ ಯಾರಾದರೂ ಸುಣ್ಣ ಬಳಿಯುತ್ತಾರೆಯೇ?

ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ತೆಗೆಸಿ ಮಂಚ ಹಾಕಿಸಿದೆ. ಸ್ಟೇಷನ್ನಿನ ಹೊರಬಾಗಿಲಿಗೆ ಬಿದಿರಿನ ಕಮಾನು. ಅದರ ಬಟ್ಟೆಯನ್ನು ಹೊಲಿಗೆಯವಳು ತಾನೇ ಹೊಲಿಯುತ್ತೇನೆಂದಳು, ಕೂಲಿ ಬೇಡವೆಂದಳು. "ನಿಮ್ಮವನು ಒಳಗೆ ಬರೋ ಬಾಗಿಲು ದೊಡ್ಡಮ್ಮಾ, ನನ್ನ ಕೈಯಿಂದಲೇ ಆಗಲಿ." ಅವಳ ಮಗ ರಜೆ ಮುಗಿಸಿ ಹೋದ ಮೇಲೆ ಸುದ್ದಿಯಿಲ್ಲವಂತೆ. ಇದ್ದ ಜಾಗದಿಂದ ಬೇರೆ ಎಲ್ಲಿಗೋ ಸಾಗಿಸಿದರು, ಎಲ್ಲಿಗೆಂದು ಹೇಳುವುದಿಲ್ಲ ಎಂದಳು. ಸೈನ್ಯವೆಂದರೆ ಹಾಗೇ ಎಂದೆ.

ಕ್ಯಾಮೆರಾದವರು ಬಂದು ಕಮಾನಿನ ಚಿತ್ರ ತೆಗೆದರು. ನನ್ನನ್ನು ಮಧ್ಯದಲ್ಲಿ ನಿಲ್ಲಿಸಿದರು. ಪತ್ರಿಕೆಯಲ್ಲಿ ದೊಡ್ಡದಾಗಿ ಬಂದಿದೆ. ಹೊರದೇಶದ ಪತ್ರಿಕೆಯವರಿಗೂ ಕೊಟ್ಟಿದ್ದಾರಂತೆ. ನಮ್ಮ ಊರಿನ ಕಮಾನು ಅವರಿಗೇಕೆ ಬೇಕೋ!

ಡಿಸೆಂಬರ್ ೨೭, ಭಾನುವಾರ

ಅಳಿಯಂದಿರು ಈಗ ತಮಾಷೆ ಮಾಡುವುದಿಲ್ಲ. ತಮ್ಮ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ಜಗಳವಾಡುತ್ತಿದ್ದಾಗಲೇ ಇಬ್ಬರೂ ಚೆನ್ನಾಗಿ ಉಣ್ಣುತ್ತಿದ್ದರು.

"ಚಿಕ್ಕವನು ಮೊದಲನೇ ಗಾಡೀಲೇ ಬರ್ತಾನೋ, ಆಮೇಲೋ?" ಎಂದು ಕೇಳಿದೆ.

ಅಳಿಯಂದಿರು ತಮ್ಮನನ್ನು ನೋಡಿದರು. ತಮ್ಮ ಉಪ್ಪಿನ ಡಬ್ಬಿಯನ್ನು ನೋಡಿದ. "ಸಿದ್ಧತೆ ಮಾಡ್ತಿರು ಅಕ್ಕಾ," ಎಂದ.

ಕೇಳಿದ್ದಕ್ಕೆ ಉತ್ತರ ಅದಲ್ಲ. ಆದರೆ ಇಲ್ಲ ಎಂದೂ ಹೇಳಲಿಲ್ಲ.

ಜನವರಿ ೫, ಮಂಗಳವಾರ

ಒಂದು ಕೆಲಸ ಮಾಡಿದ್ದೇನೆ. ಸರಿಯಾದದ್ದೇ ಮಾಡಿದ್ದೇನೆ.

ಮಧ್ಯಾಹ್ನ ಸ್ಟೇಷನ್ನಿನಲ್ಲಿ ಕಂಬಳಿಗಳ ಗಂಟು ಇಳಿಸಿಕೊಳ್ಳಲು ಹೋಗಿದ್ದೆ. ಕಡೆಯ ಬೆಂಚಿನಲ್ಲಿ ಒಬ್ಬ ಸೈನಿಕ ಕೂತಿದ್ದ. ಕೈಗೆ ಪಟ್ಟಿ, ಬೂಟಿನ ಲೇಸು ಬಿಚ್ಚಿಹೋಗಿತ್ತು. ಒಂದು ಕೈಯಲ್ಲಿ ಕಟ್ಟಲಾಗದು ಪಾಪ. ಬಗ್ಗಿ ಕಟ್ಟಿದೆ. ಎಲ್ಲಿಂದ ಬಂದೆಯಪ್ಪಾ ಎಂದೆ. ಉತ್ತರ ದಂಡೆ ಎಂದ.

"ಹಾಗಾದ್ರೆ ನೀನೇ ಮೊದಲನೆಯವನು! ಉಳಿದೋರು ಯಾವತ್ತು ಬರ್ತಾರೆ?"

ಅವನು ಕಮಾನನ್ನು ನೋಡಿದ, ನನ್ನನ್ನು ನೋಡಿದ. "ಯಾರು ಬರೋದು ಅಮ್ಮಾ? ಅಲ್ಲಿಂದ ಯಾರೂ ಬರ್ತಿಲ್ಲ. ಇನ್ನೂ ಜನರನ್ನ ತಂದು ತುಂಬ್ತಾ ಇದಾರೆ. ಕತ್ತಲಲ್ಲಿ, ದೀಪ ಆರಿಸಿ. ಹಗಲು ತಲೆ ಎತ್ತಬಾರದು, ಒಲೆ ಹಚ್ಚಬಾರದು, ಖಾಲಿ ಇರೋ ಹಾಗೆ ಕಾಣಬೇಕು ಅಂತ ಅಪ್ಪಣೆ."

ನನಗೆ ಮೈ ಉರಿಯಿತು. ಊರೆಲ್ಲ ಕಾದು ಕೂತಿದೆ, ಸುಣ್ಣ ಬಳಿದಿದೆ, ಮಂಚ ಹಾಕಿದೆ, ರೇಡಿಯೋ ಹೇಳುತ್ತಿದೆ. ಇವನೊಬ್ಬ ಬಂದು ತಾಯಂದಿರ ಹೊಟ್ಟೆಗೆ ಬೆಂಕಿ ಹಾಕುತ್ತಾನೆ. "ಇಂಥ ಗಾಳಿಮಾತು ಹಬ್ಬಿಸೋಕೆ ನಿನಗೆ ನಾಚಿಕೆ ಆಗಲ್ವಾ?" ಎಂದೆ.

"ನಾನು ಅಲ್ಲೇ ಇದ್ದೆ ಅಮ್ಮಾ," ಎಂದ, ಮೆಲ್ಲಗೆ. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗನ ಹಾಗೆ.

ನೇರ ಅಂಚೆ ಕಟ್ಟಡಕ್ಕೆ ಹೋಗಿ ತಮ್ಮನಿಗೆ ಹೇಳಿದೆ. ಯಾವ ಬೆಂಚು, ಯಾವ ಕೈಗೆ ಪಟ್ಟಿ, ಎಲ್ಲ. ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. "ಬೇರೆ ಯಾರಿಗಾದ್ರೂ ಹೇಳಿದನಾ? ನೀನು ಯಾರಿಗೂ ಹೇಳಬೇಡ. ಹೊಲಿಗೆಯೋಳಿಗಂತೂ ಹೇಳಲೇಬೇಡ." ಹೊಲಿಗೆಯವಳಿಗೆ ಯಾಕೆ ಎಂದು ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಓಡಿದ್ದ.

ಗಾಡಿ ಬರುವ ಮೊದಲೇ ಆ ಸೈನಿಕನನ್ನು ಕರೆದೊಯ್ದರಂತೆ.

ಜನವರಿ ೬

ನಾನು ಕಟ್ಟಿದ ಲೇಸು ಕಣ್ಣ ಮುಂದೆ ಬರುತ್ತಿದೆ. ಎರಡು ಗಂಟು ಹಾಕಿದ್ದೆ, ಚಿಕ್ಕವನಿಗೆ ಹಾಕುತ್ತಿದ್ದ ಹಾಗೆ.

ಸುಣ್ಣ ಬಳಿದದ್ದು ನಿಜ. ಅವನು ಅಲ್ಲಿದ್ದದ್ದೂ ನಿಜವಾದರೆ?

ಇಲ್ಲ. ಒಬ್ಬನ ಮಾತು ಹೆಚ್ಚೋ, ಊರಿಗೆ ಊರೇ ಹೇಳುವುದು ಹೆಚ್ಚೋ.

ಜನವರಿ ೨೪, ಭಾನುವಾರ

ಬೆಳಿಗ್ಗೆಯಿಂದ ರೇಡಿಯೋದಲ್ಲಿ ಬರೀ ಕವಾಯತಿನ ವಾದ್ಯ. ಆಮೇಲೆ ಸುದ್ದಿ. ಉತ್ತರ ದಂಡೆ ಬರಿದಾಗಿದೆ ಎಂದು ನಂಬಿ ಶತ್ರು ಗುಡ್ಡ ಇಳಿದು ಬಂದ. ಅಡಗಿ ಕಾಯುತ್ತಿದ್ದ ನಮ್ಮ ಸೇನೆ ಅವನನ್ನು ಸುತ್ತುವರಿದು ಮುರಿಯಿತು. ಮಹಾ ವಿಜಯ. ನಾಗರಿಕರು ಹೆಮ್ಮೆ ಪಡಲಿ.

ಬೀದಿಯಲ್ಲಿ ತಟ್ಟೆ ಬಡಿದು ಕುಣಿದರು. ನಾನು ರೇಡಿಯೋದ ಎದುರಿಗೇ ಕೂತಿದ್ದೆ. ಅಡಗಿ ಕಾಯುತ್ತಿದ್ದ ಎಂದರೆ, ಬರುವುದಕ್ಕೆ ಹೊರಟಿರಲಿಲ್ಲ ಎಂದೇ? ಅಥವಾ ಹೊರಟು ತಿರುಗಿ ಹೋದರೇ? ಬೋಗಿಗಳು? ಎಷ್ಟು ಕೂಡಿಸಿದರೂ ಲೆಕ್ಕ ಹೊಂದುತ್ತಿಲ್ಲ.

ಊಟಕ್ಕೆ ಇಬ್ಬರೂ ಬರಲಿಲ್ಲ. ಸಂಜೆ ತಮ್ಮ ಬಾಗಿಲಲ್ಲೇ ನಿಂತು ಹೇಳಿದ. "ಅಕ್ಕಾ, ನಿನ್ನ ಹೆಸರು ಎಲ್ಲೂ ಬರಲ್ಲ. ಆದ್ರೆ ಮೇಲಿನೋರಿಗೆ ಗೊತ್ತು, ಈ ಮನೆಯ ಉಪಕಾರ."

"ಚಿಕ್ಕವನು?"

"ಎಣಿಕೆ ನಡೀತಿದೆ."

ಫೆಬ್ರವರಿ ೧

ಇಲ್ಲ.

ಫೆಬ್ರವರಿ ೪

ಇಲ್ಲ. ಮಗಳ ಮೇಲೆ ಸಾಬೂನಿಗಾಗಿ ರೇಗಿದೆ.

ಫೆಬ್ರವರಿ ೯, ಮಂಗಳವಾರ

ಬಂದ.

ಗಾಯಾಳುಗಳ ಗಾಡಿ. ಕಮಾನಿನ ಕೆಳಗೇ ಬಂದ, ಹೊಲಿಗೆಯವಳ ಕೈಯ ಬಟ್ಟೆಯ ಕೆಳಗೆ. ತೆಳ್ಳಗಾಗಿದ್ದಾನೆ. ಎಡಗಿವಿ ಕೇಳಿಸುವುದಿಲ್ಲ, ಸಿಡಿತಕ್ಕೆ ಹೋಯಿತಂತೆ. ಬಲಗಡೆ ನಿಂತು ಮಾತಾಡಬೇಕು. ನಾನು ಎಡಗಡೆ ನಿಂತು ಬಹಳ ಹೊತ್ತು ಏನೇನೋ ಹೇಳಿದೆ. ಅವನಿಗೆ ಕೇಳಿಸಲಿಲ್ಲ, ಒಳ್ಳೆಯದೇ ಆಯಿತು. ಅಧ್ಯಕ್ಷೆ ಹಾಗೆಲ್ಲ ಅಳಬಾರದು.

ಚಳಿ ಇನ್ನೂ ಮುಗಿದಿಲ್ಲ. ನಾನು ಹೇಳಿದ ಹಾಗೇ ಆಯಿತು.

ಫೆಬ್ರವರಿ ೧೦, ಬುಧವಾರ

ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಚಿಕ್ಕವನು ಕೇಳಿದ, "ಅಮ್ಮಾ, ಆ ಕಮಾನು ಯಾವಾಗ ಕಟ್ಟಿದ್ದು?"

"ಡಿಸೆಂಬರಿನಲ್ಲಿ. ನೀವು ಬರ್ತೀರಿ ಅಂತ."

"ಡಿಸೆಂಬರಿನಲ್ಲಿ ನಾವು ಹೊಸ ಕಂದಕ ತೋಡ್ತಿದ್ವಿ." ಚಮಚ ಕೆಳಗಿಟ್ಟ. "ಶತ್ರುಗಳು ಹೇಗೆ ಬಂದ್ರು ಗೊತ್ತಾ? ಹಾಡಿಕೊಂಡು ಬಂದ್ರು. ಯಾರೂ ಇಲ್ಲ ಅಂತ. ಆಮೇಲೆ ಅವರ ಫಿರಂಗಿಗಳಿಗೆ ನಾವು ಇರೋದು ಗೊತ್ತಾಯ್ತು. ನಾವು ವಾಪಸ್ ಹೋಗ್ತೀವಿ ಅಂತ ಮೊದಲು ಹೇಳಿದ್ದು ಯಾರು? ಅವರಿಗೆ ಅಷ್ಟು ನಂಬಿಕೆ ಹುಟ್ಟಿಸಿದ್ದು ಯಾರು?"

"ಜನ ಹೇಳಿದ್ದು," ಎಂದರು ಅಳಿಯಂದಿರು. ದನಿ ಅವರದಲ್ಲ ಎನಿಸಿತು. "ನಾವು ಅದನ್ನ... ದೊಡ್ಡದು ಮಾಡಿದ್ವಿ."

"ಜನ ಅಂದ್ರೆ? ಒಬ್ಬರು ಮೊದಲು ಹೇಳಿರಬೇಕಲ್ಲ?"

ತಮ್ಮ ನನ್ನ ಕಡೆ ನೋಡದೆ ಹೇಳಿದ, "ಹುಡುಕ್ಕೊಂಡು ಹೋಗಿದ್ದೆ. ಔಷಧಿಯೋನು, ಕಂಡಕ್ಟರು, ಹೀಗೇ. ಹೊಲಿಗೆ ಅಂಗಡಿ ತನಕ ಹೋಗಿ ಬಿಟ್ಟುಬಿಟ್ಟೆ. ಮುಂದಕ್ಕೆ ಹೋಗಲಿಲ್ಲ."

ಯಾರಿಗೆ ಇನ್ನೂ ಬಡಿಸಬೇಕು ಎಂದು ಕೇಳಿದೆ. ಯಾರಿಗೂ ಬೇಡವಂತೆ. ಹಾಗಾದರೆ ಇಷ್ಟೊಂದು ಮಾಡಿದ್ದೇಕೆ ಎಂದು ಮಗಳ ಮೇಲೆ ರೇಗಿದೆ. ಮಾಡಿದವಳು ನಾನೇ.

ತಮ್ಮ ಹೊರಡುವಾಗ, ಆ ಬೆಂಚಿನ ಹುಡುಗ ಏನಾದ ಎಂದು ಕೇಳಿದೆ.

"ಬಿಟ್ಟಿದ್ದೀವಿ ಅಕ್ಕಾ. ಈಗ ಅವನು ಹೇಳೋದ್ರಲ್ಲಿ ಗುಟ್ಟೇನೂ ಉಳಿದಿಲ್ಲವಲ್ಲ."

ಫೆಬ್ರವರಿ ೧೪, ಭಾನುವಾರ

ಹೊಲಿಗೆ ಯಂತ್ರದ ಸದ್ದು ನಿಂತು ಬಹಳ ದಿನವಾಗಿತ್ತು. ಇಂದು ಅವಳೇ ಬಂದಳು. ರಜೆ ಮುಗಿಸಿ ಹೋದವನನ್ನು ಅವರು ಸಾಗಿಸಿದ್ದು ಉತ್ತರ ದಂಡೆಗೇ. ಕತ್ತಲಲ್ಲಿ ತುಂಬಿದವರಲ್ಲಿ ಅವನೂ ಒಬ್ಬ. ಸತ್ತವರ ಪಟ್ಟಿಯಲ್ಲಿಲ್ಲ, ಗಾಯಗೊಂಡವರಲ್ಲೂ ಇಲ್ಲ. ಪತ್ತೆಯಿಲ್ಲ ಎಂದು ಹೇಳಿ ಕಳಿಸಿದ್ದಾರೆ.

ಒಳಗೆ ಬಾ ಎಂದೆ. ಬರಲಿಲ್ಲ. ಹೊಸ್ತಿಲಾಚೆಯೇ ನಿಂತಳು. ನಲ್ಲಿಯ ಹತ್ತಿರದ ಹೆಂಗಸರೆಲ್ಲ ಕೊಡ ಇಳಿಸಿ ನೋಡುತ್ತಿದ್ದರು.

"ದೊಡ್ಡಮ್ಮಾ, ನಿಮ್ಮ ಮನೇಲಿ ಎಲ್ಲ ಗೊತ್ತಿರುತ್ತೆ. ಅವತ್ತು ನಾನು ಪಾಪ ಅಂದೆ, ನಿಮಗೆ ಬೇಜಾರಾಯ್ತು. ತಪ್ಪಾಯ್ತು. ನಿಮ್ಮವನು ಚಳಿ ಮುಗಿಯೋದ್ರೊಳಗೆ ಬರ್ತಾನೆ ಅಂದ್ರಿ, ಅಂದ ಹಾಗೇ ಬಂದ. ನನ್ನವನದ್ದೂ ಒಂದು ಮಾತು ಹೇಳಿಬಿಡಿ. ಯಾವಾಗ ಅಂತ."

ನನಗೇನೂ ಗೊತ್ತಿಲ್ಲ, ಅವತ್ತೂ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ತೆರೆದದ್ದು ನಿಜ. ಅವಳ ಬೆರಳಲ್ಲಿ ಸೂಜಿ ತಾಗದಂತೆ ಹಾಕುವ ಟೋಪಿ ಇನ್ನೂ ಇತ್ತು. ತೆಗೆಯಲು ಮರೆತು ಬಂದಿದ್ದಳು.

"ಮಳೆ ಹಿಡಿಯೋದ್ರೊಳಗೆ ಬರ್ತಾನೆ," ಎಂದೆ. "ಅವನೊಬ್ಬನೇ ಅಲ್ಲ, ಪತ್ತೆ ಇಲ್ಲದೋರೆಲ್ಲ ಬರ್ತಾರೆ. ಅಳಬೇಡ."

ನನ್ನ ಕೈ ಹಿಡಿದಳು. ಟೋ‍ಪಿಯ ತಣ್ಣನೆಯ ಲೋಹ ಚರ್ಮಕ್ಕೆ ತಾಗಿತು. ಸಂಜೆ ಯಂತ್ರದ ಸದ್ದು ಮತ್ತೆ ಶುರುವಾಯಿತು. ಅದನ್ನು ಕೇಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿ ೨೫, ಗುರುವಾರ

ಸೀಮೆಎಣ್ಣೆ ಸಾಲು ಇಂದು ಬಹಳ ಉದ್ದವಿತ್ತು. ಔಷಧಿ ಅಂಗಡಿಯವನು ಹಿಂದೆ ಮುಂದೆ ನೋಡಿ ಹತ್ತಿರ ಬಂದ.

"ಅಮ್ಮಾ, ಕೇಳಿದ್ರಾ? ಪತ್ತೆ ಇಲ್ಲದ ಹುಡುಗರೆಲ್ಲ ಬದುಕಿದ್ದಾರಂತೆ. ಹೊಳೆಯಾಚೆ ಯಾವುದೋ ಹಳೇ ಗಿರಣಿಯಲ್ಲಿ ಇಟ್ಟಿದ್ದಾರಂತೆ. ಮಳೆಗೆ ಮೊದಲು ಬಿಡ್ತಾರಂತೆ."

ಮಳೆಗೆ ಮೊದಲು ಎಂದು ನಾನು ಅಂದದ್ದು ನಿಜ. ಆದರೆ ಗಿರಣಿ ಎಂದು ನಾನು ಯಾರಿಗೂ ಹೇಳಿಲ್ಲ. ನನಗೆ ಗಿರಣಿಯ ಸಂಗತಿ ಗೊತ್ತೇ ಇರಲಿಲ್ಲ. ಅಂದ ಮೇಲೆ ಇದು ಬೇರೆ ಎಲ್ಲಿಂದಲೋ ಬಂದ ಸುದ್ದಿ. ನಂಬಬಹುದಾದದ್ದು.

ನನ್ನ ಸರದಿಗೆ ಇನ್ನು ಇಬ್ಬರೇ ಇದ್ದರು. ಡಬ್ಬವನ್ನು ಅಲ್ಲೇ ಬಿಟ್ಟು ಹೊಲಿಗೆ ಅಂಗಡಿಗೆ ನಡೆದೆ. ಸಾಲು ಬಿಟ್ಟು ಹೋದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. "ನೋಡು, ನಾನೊಬ್ಬಳೇ ಅಲ್ಲ, ಬೇರೆಯವರೂ ಹೇಳ್ತಿದಾರೆ," ಎಂದೆ. ಅವಳು ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ನನಗೂ ಎಷ್ಟೋ ಹಗುರವಾಯಿತು.

ಭಾನುವಾರ ತಮ್ಮನಿಗೆ ಇದನ್ನು ಹೇಳಬಾರದು. ಹೇಳಿದರೆ, ಮೊದಲು ಯಾರು ಹೇಳಿದ್ದು ಎಂದು ಕೇಳುತ್ತಾನೆ.